ಕರಿ ಹಸು ಕೆಂಪಾಗ್ತಿದೆಯಾ? ಮೈಲುತುತ್ತ ಮುಟ್ಟಬೇಡಿ

"ಎಚ್‌ಎಫ್ ಹಸುವಿನ ಕರಿ ಮೈ ತುಕ್ಕು ಹಿಡಿದಂಗೆ ಕೆಂಪಾಗ್ತಿದೆ" ಅಂತ ಫೋಟೊ ಕಳಿಸುವವರಿಗೆ ನಾನು ಮೊದಲು ಕೇಳೋದು: ಕಣ್ಣಿನ ಸುತ್ತ ಕನ್ನಡಕದಂತೆ ಬಣ್ಣ ಮಾಸಿದೆಯಾ? ಕೂದಲು ಒರಟಾಗಿದೆಯಾ? ಬೆದೆಗೆ ಬರೋದು ತಡವಾಗ್ತಿದೆಯಾ?

ಬಣ್ಣ ಬದಲಾದದ್ದೆಲ್ಲ ರೋಗವಲ್ಲ. ಬಿಸಿಲಿಗೂ ಕೂದಲು ಕೆಂಪಾಗುತ್ತೆ. ಕಪ್ಪಾಗಿ ಹುಟ್ಟಿದ ಕೆಲವು ಕುದುರೆಗಳು ವರ್ಷ ಕಳೆದಂತೆ ಬೆಳ್ಳಗಾಗೋದು ಹುಟ್ಟುಗುಣ.

ಆದರೆ ಮೇಲಿನ ಮೂರೂ ಸೇರಿದ್ದರೆ ತಾಮ್ರದ ಕೊರತೆಯ ಅನುಮಾನ ಪಡಿ. ಕೂದಲಿಗೆ ಕಪ್ಪು ಕೊಡುವ ಮೆಲನಿನ್ ತಯಾರಾಗಲು ತಾಮ್ರ ಬೇಕು. ಮೇವಿನಲ್ಲಿ ತಾಮ್ರ ಇದ್ದರೂ, ಮಾಲಿಬ್ಡಿನಂ ಮತ್ತು ಗಂಧಕ ಜಾಸ್ತಿಯಾದರೆ ಅವು ಹೊಟ್ಟೆಯಲ್ಲೇ ಅದನ್ನು ಹಿಡಿದಿಡುತ್ತವೆ. ಸುಣ್ಣ ಹಾಕಿದ ಹೊಲದಲ್ಲಿ ಗಿಡಕ್ಕೆ ಮಾಲಿಬ್ಡಿನಂ ಹೆಚ್ಚು ಸಿಗುತ್ತೆ. ಹೂಕೋಸಿಗೆ ಅದು ಒಳ್ಳೇದು, ಹಸುವಿನ ಮೇವಿಗಲ್ಲ. ಹಾಗಾಗಿ ಮೇವು ಎಲ್ಲಿಂದ ಬಂತು ಅಂತಾನೂ ಕೇಳ್ತೀನಿ.

ತಾಮ್ರ ಅಂದ ಕೂಡಲೇ ಬೋರ್ಡೋಗೆ ತಂದಿಟ್ಟ ಮೈಲುತುತ್ತವನ್ನು ಅಂದಾಜಿಗೆ ಕುಡಿಸೋರಿದ್ದಾರೆ. ಖಂಡಿತ ಬೇಡ, ಹೆಚ್ಚಾದರೆ ಅದೇ ವಿಷ. ಪಶುವೈದ್ಯರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ, ಖನಿಜ ಮಿಶ್ರಣ ಅವರು ಹೇಳಿದಷ್ಟೇ ಕೊಡಿ. ಕೊಟ್ಟಿಗೆಯಲ್ಲಿ ಕುರಿ ಇದ್ದರೆ ಹಸುವಿನ ಆ ಪುಡಿ ಅವುಗಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ಕುರಿ ತಾಮ್ರವನ್ನು ಲಿವರ್‌ನಲ್ಲಿ ಕೂಡಿಡುತ್ತಾ ಹೋಗುತ್ತೆ. ವಾರಗಟ್ಟಲೆ ಏನೂ ಕಾಣೋದಿಲ್ಲ, ಆಮೇಲೆ ಇದ್ದಕ್ಕಿದ್ದಂತೆ ಕೆಂಪು ಮೂತ್ರ ಹೊಯ್ದು ಬಿದ್ದುಬಿಡುತ್ತೆ.