ನಿಮಗಿದು ಗೊತ್ತೇ? ಹಸಿರು ಕಲ್ಲಿನ ನೆತ್ತರ ಚುಕ್ಕೆ

● ಬ್ಲಡ್‌ಸ್ಟೋನ್ ಎಂಬ ಹೆಸರು ಕೇಳಿ ಕಲ್ಲು ಪೂರ್ತಿ ಕೆಂಪಗಿರಬೇಕು ಅಂದುಕೊಂಡಿರಾ? ಅದು ಕಡುಹಸಿರು. ಕೆಂಪು ಇರುವುದು ಅಲ್ಲೊಂದು ಇಲ್ಲೊಂದು ಚುಕ್ಕೆಯಲ್ಲಿ ಮಾತ್ರ, ಬೆರಳು ಕೊಯ್ದುಕೊಂಡವರು ಯಾರೋ ಮುಟ್ಟಿ ಹೋದ ಹಾಗೆ. ಕುಲ ನೋಡಿದರೆ ನಮ್ಮ ಬೆಣಚುಕಲ್ಲಿನ ಬಳಗವೇ, ಕ್ಯಾಲ್ಸಿಡನಿ. ಒಳಗೆ ಸೇರಿಕೊಂಡ ಕ್ಲೋರೈಟ್‌ನಂಥ ಖನಿಜದ ಕಣಗಳಿಂದ ಹಸಿರು, ಕಬ್ಬಿಣದ ಆಕ್ಸೈಡ್‌ನಿಂದ ಕೆಂಪು. ಅಂದರೆ ಮನೆಯ ಗೇಟಿಗೆ ಹಿಡಿಯುವ ತುಕ್ಕಿನ ಹತ್ತಿರದ ನೆಂಟ! ಎರಡು ಸಾವಿರ ವರ್ಷಗಳಿಂದ ಈ ಕಲ್ಲಿನ ಸುತ್ತ ಹಬ್ಬಿದ ಕಥೆಗಳಲ್ಲಿ ಮುಕ್ಕಾಲು ಪಾಲು ಆ ತುಕ್ಕಿನ ಚುಕ್ಕೆಯಿಂದಲೇ ಹುಟ್ಟಿದವು.

● ಇದರ ಹಳೆಯ ಹೆಸರು ಹೀಲಿಯೋಟ್ರೋಪ್. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ರೋಮಿನ ಪ್ಲಿನಿ ತನ್ನ ಗ್ರಂಥದ ಕೊನೆಯ, 37ನೇ ಸಂಪುಟದಲ್ಲಿ ಈ ಕಲ್ಲಿನ ವಿಷಯ ಬರೆದಿದ್ದಾನೆ. ನೀರು ತುಂಬಿದ ಪಾತ್ರೆಗೆ ಹಾಕಿದರೆ ಅದರ ಮೇಲೆ ಬಿದ್ದ ಬಿಸಿಲು ರಕ್ತದ ಬಣ್ಣಕ್ಕೆ ತಿರುಗುತ್ತದಂತೆ. ಹೊರಗೆ ತೆಗೆದರೆ ಕನ್ನಡಿಯ ಕೆಲಸ ಮಾಡಿ ಸೂರ್ಯಗ್ರಹಣವನ್ನೂ ತೋರಿಸುತ್ತದಂತೆ. ಇದೇ ಹೆಸರಿನ ಗಿಡದ ಜೊತೆ ಸೇರಿಸಿ ಮಂತ್ರ ಹಾಕಿದರೆ ಧರಿಸಿದವನು ಮಾಯವಾಗುತ್ತಾನೆ ಎಂಬ ಮಾಂತ್ರಿಕರ ಮಾತನ್ನೂ ಪ್ಲಿನಿ ದಾಖಲಿಸಿದ್ದಾನೆ. ಆದರೆ ಅವನು ಬೆಪ್ಪನಲ್ಲ. ಮಾಂತ್ರಿಕರ ಲಜ್ಜೆಗೇಡಿತನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ ಎಂದು ಅಲ್ಲೇ ಝಾಡಿಸಿದ್ದಾನೆ.

● ಜನ ಪ್ಲಿನಿಯ ಬೈಗುಳ ಮರೆತರು, ಮಾಯದ ಮಾತನ್ನು ಮಾತ್ರ ನೆನಪಿಟ್ಟುಕೊಂಡರು. ಇಟಲಿಯ ಮಹಾಕವಿ ಡಾಂಟೆ ಬಣ್ಣಿಸಿದ ನರಕದ 24ನೇ ಸರ್ಗದಲ್ಲಿ ಕಳ್ಳರು ಹಾವುಗಳ ನಡುವೆ ಬತ್ತಲೆ ಓಡುತ್ತಾರೆ. ಅವಿತುಕೊಳ್ಳಲು ಅವರಿಗೆ ಬಿಲವೂ ಇಲ್ಲ, ಹೀಲಿಯೋಟ್ರೋಪ್ ಕಲ್ಲೂ ಇಲ್ಲ.

● ಈ ಕಲ್ಲಿನ ಕಥೆಗಳಲ್ಲೆಲ್ಲ ನನಗೆ ಅಚ್ಚುಮೆಚ್ಚಿನದು ಇಟಲಿಯ ಕಥೆಗಾರ ಬೊಕಾಚಿಯೊ ಹೇಳಿದ್ದು. 14ನೇ ಶತಮಾನದ ‘ಡೆಕಾಮೆರಾನ್’ನಲ್ಲಿ, ಎಂಟನೇ ದಿನದ ಮೂರನೇ ಕಥೆ. ಫ್ಲಾರೆನ್ಸಿನಲ್ಲಿ ಕಲಾಂಡ್ರಿನೊ ಎಂಬ ಪೆದ್ದು ಚಿತ್ರಕಾರ. ಮುಗ್ನೋನೆ ಹೊಳೆಯಲ್ಲಿ ಆ ಕಲ್ಲು ಸಿಗುತ್ತದೆ, ಜೊತೆಗಿಟ್ಟುಕೊಂಡವನು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಒಬ್ಬ ಅವನ ಕಿವಿಗೆ ಹೂವಿಡುತ್ತಾನೆ. ಬಣ್ಣ ಯಾವುದು ಎಂದು ಕೇಳಿದರೆ ‘ಹೆಚ್ಚುಕಮ್ಮಿ ಕಪ್ಪು’ ಅನ್ನುತ್ತಾನೆ. ಹಸಿರು ಕಲ್ಲಿನ ಕಥೆಯಲ್ಲಿ ಹಸಿರೇ ಇಲ್ಲ! ಕಲಾಂಡ್ರಿನೊನ ಲೆಕ್ಕಾಚಾರ ಇಷ್ಟೇ: ಕಲ್ಲು ಸಿಕ್ಕಿದ ಕೂಡಲೇ ನಾಣ್ಯ ವಿನಿಮಯದವರ ಮೇಜಿನಿಂದ ಕೈತುಂಬ ಹಣ ಬಾಚುವುದು.

ಭಾನುವಾರ ಬೆಳಿಗ್ಗೆ ಬ್ರೂನೊ, ಬುಫಲ್ಮಾಕೊ ಎಂಬ ಇಬ್ಬರು ಗೆಳೆಯರ ಜೊತೆ ಹೊಳೆಗೆ ಹೋಗಿ, ಕಂಡ ಕರಿಗಲ್ಲನ್ನೆಲ್ಲ ಆಯ್ದು ಮಡಿಲು ತುಂಬಿಕೊಳ್ಳುತ್ತಾನೆ. ಗೆಳೆಯರು ‘ಅರೆ, ಕಲಾಂಡ್ರಿನೊ ಎಲ್ಲಿ ಹೋದ?’ ಎಂದು ನಾಟಕ ಶುರುಮಾಡುತ್ತಾರೆ. ಮೋಸ ಮಾಡಿ ಮನೆಗೆ ಹೋಗಿರಬೇಕು, ಈಗ ಸಿಕ್ಕಿದ್ದರೆ ಹಿಮ್ಮಡಿಗೆ ಹೀಗೆ ಹೊಡೆಯುತ್ತಿದ್ದೆ ಎನ್ನುತ್ತ ನಿಜವಾಗಿಯೂ ಅವನ ಹಿಮ್ಮಡಿಗೆ, ಬೆನ್ನಿಗೆ ಕಲ್ಲು ಬೀರುತ್ತಾರೆ. ಉಸಿರೆತ್ತಿದರೆ ಗುಟ್ಟು ರಟ್ಟಾದೀತೆಂದು ಅವನು ತುಟಿ ಕಚ್ಚಿಕೊಂಡು ಪೆಟ್ಟು ತಿನ್ನುತ್ತಾನೆ. ಊರಬಾಗಿಲ ಕಾವಲಿನವರಿಗೂ ಮೊದಲೇ ಸುದ್ದಿ ಮುಟ್ಟಿಸಿದ್ದರಿಂದ ಅವರೂ ಕಂಡೂ ಕಾಣದಂತೆ ಬಿಡುತ್ತಾರೆ. ಕೊನೆಗೆ ಮನೆಯ ಮೆಟ್ಟಿಲ ಮೇಲೆ ನಿಂತ ಹೆಂಡತಿ ‘ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ’ ಎಂದಾಗಲೇ ಮಾಯೆ ಮುರಿಯುವುದು. ಕಲ್ಲಿನ ಶಕ್ತಿ ಕೆಡಿಸಿದವಳು ನೀನೇ ಎಂದು ಆ ಮೂರ್ಖ ಅವಳನ್ನು ಹೊಡೆಯುತ್ತಾನೆ. ಓದುತ್ತಾ ನಗುತ್ತಿದ್ದವರ ನಗು ಅಲ್ಲಿಗೆ ನಿಲ್ಲುತ್ತದೆ.

● ಕ್ರೈಸ್ತರ ಐತಿಹ್ಯದಲ್ಲಿ ಆ ಚುಕ್ಕೆಗಳು ಯೇಸುವಿನ ರಕ್ತ. ಶಿಲುಬೆಯ ಬುಡದಲ್ಲಿದ್ದ ಹಸಿರು ಕಲ್ಲಿನ ಮೇಲೆ ಹನಿದ ನೆತ್ತರು ಹಾಗೇ ಉಳಿಯಿತಂತೆ. ವೆರೋನಾದ ಶಿಲ್ಪಿ ಮತ್ತಿಯೊ ದೆಲ್ ನಸಾರೊ ಯೇಸುವನ್ನು ಶಿಲುಬೆಯಿಂದ ಇಳಿಸುವ ದೃಶ್ಯವನ್ನು ಇಂಥದೇ ಕಲ್ಲಿನಲ್ಲಿ ಕೆತ್ತಿದ. ಕಲ್ಲಿನ ಕೆಂಪು ಚುಕ್ಕೆ ಎಲ್ಲೆಲ್ಲಿತ್ತೋ ಗಾಯಗಳು ಅಲ್ಲಲ್ಲೇ ಬರುವ ಹಾಗೆ ಉಳಿ ಆಡಿಸಿದ್ದ. ಕೊಂಡವಳು ಕಲಾಪ್ರೇಮಿ ಇಸಬೆಲ್ಲಾ ದೆಸ್ತೆ.

● ಈ ಸಂಗತಿ ಬರೆದಿಟ್ಟ ಚಿತ್ರಕಾರ ಜಾರ್ಜೊ ವಸಾರಿಗೆ ಸ್ವಂತ ಅನುಭವವೂ ಇತ್ತು. ಎಂಟು ವರ್ಷದ ಹುಡುಗನಾಗಿದ್ದಾಗ ಅವನಿಗೆ ಮೂಗಿನಿಂದ ರಕ್ತ ಸೋರುತ್ತಿತ್ತು, ಕೆಲವೊಮ್ಮೆ ಎಚ್ಚರ ತಪ್ಪುವಷ್ಟು. ಮನೆಗೆ ಬಂದ ವೃದ್ಧ ಚಿತ್ರಕಾರ, ಬಂಧು ಲೂಕಾ ಸಿನ್ಯೊರೆಲ್ಲಿ ಅಕ್ಕರೆಯಿಂದ ತನ್ನ ಕೈಯಾರೆ ಅವನ ಕೊರಳಿಗೆ, ರಕ್ತ ನಿಲ್ಲಲೆಂದು, ಬ್ಲಡ್‌ಸ್ಟೋನ್ ಬಳಗದ್ದೇ ಆದ ಒಂದು ಜಾಸ್ಪರ್ ಕಲ್ಲು ಕಟ್ಟಿದ. ಹುಡುಗನಿಗೆ ಚಿತ್ರ ಕಲಿಸು ಎಂದು ತಂದೆಗೆ ಬುದ್ಧಿಯನ್ನೂ ಹೇಳಿದ. ಕಲ್ಲಿಗಿಂತ ಆ ಬುದ್ಧಿಮಾತೇ ಹೆಚ್ಚು ಫಲ ಕೊಟ್ಟಿತು ಅನ್ನಬೇಕು.

● 1576ರಲ್ಲಿ ಮೆಕ್ಸಿಕೊದಲ್ಲಿ ಮಹಾಮಾರಿ. ರಕ್ತಸ್ರಾವದಿಂದ ಸಾಯುವ ಸ್ಥಿತಿಯಲ್ಲಿದ್ದವರ ಕೈಗೆ ಬ್ಲಡ್‌ಸ್ಟೋನ್ ತುಂಡು ಕೊಟ್ಟು ಹಲವರನ್ನು ಉಳಿಸಿದೆ ಎಂದು ಬರ್ನಾರ್ಡಿನೊ ಡಿ ಸಹಗೂನ್ ಎಂಬ ಪಾದ್ರಿ ಬರೆದಿದ್ದಾರೆ. ಫಿಟ್ಸ್ ಬಂದವರ ಕೈಗೆ ಬೀಗದ ಕೈ ತುರುಕುವ ನಮ್ಮವರು ಇದನ್ನೋದಿ ನಗುವ ಹಾಗಿಲ್ಲ.

● ಒಡವೆಯಾಗುವ ಎಷ್ಟೋ ಮೊದಲು ಈ ಕಲ್ಲು ಆಯುಧವಾಗಿತ್ತು. ಸ್ಕಾಟ್ಲೆಂಡಿನ ರಮ್ ದ್ವೀಪದಲ್ಲಿ ‘ಬ್ಲಡ್‌ಸ್ಟೋನ್ ಹಿಲ್’ ಎಂಬ ಗುಡ್ಡವೇ ಇದೆ. ಎಂಟು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಬೇಟೆಗಾರರು ಅಲ್ಲಿಯ ಕಲ್ಲನ್ನು ಒಡೆದು ಹರಿತವಾದ ಚಕ್ಕೆ ಮಾಡಿಕೊಳ್ಳುತ್ತಿದ್ದರು. ಅದೇ ದ್ವೀಪದ ಕಿನ್‌ಲಾಕ್‌ನಲ್ಲಿ ಅಗೆದಾಗ ಅಂಥ ಚಕ್ಕೆಗಳು ರಾಶಿರಾಶಿ ಸಿಕ್ಕವು.

● ಜಗತ್ತಿನ ಪೇಟೆಗೆ ಬ್ಲಡ್‌ಸ್ಟೋನ್ ಒದಗಿಸಿದ ದೊಡ್ಡ ದೇಶಗಳಲ್ಲಿ ಭಾರತವೂ ಒಂದು. ಗುಜರಾತಿನ ಸೌರಾಷ್ಟ್ರ ಭಾಗದಲ್ಲಿ ಸಿಗುತ್ತದೆ. ಖಂಭಾತ್‌ನ ಕುಶಲಕರ್ಮಿಗಳು ತಲೆತಲಾಂತರದಿಂದ ಇಂಥ ಕಲ್ಲುಗಳನ್ನು ಉಜ್ಜಿ ಮಣಿ ಮಾಡುತ್ತ ಬಂದವರು. ಹೀಗಿದ್ದೂ ನಮ್ಮ ನವರತ್ನದಲ್ಲಿ ಇದಕ್ಕೆ ಜಾಗವಿಲ್ಲ. ಅಲ್ಲಿ ಹಸಿರಿಗೆ ಪಚ್ಚೆ, ಕೆಂಪಿಗೆ ಮಾಣಿಕ್ಯ ಮತ್ತು ಹವಳ. ಅಮೆರಿಕದ ಆಭರಣ ವ್ಯಾಪಾರಿಗಳು 1912ರಲ್ಲಿ ಮಾಡಿದ ಜನ್ಮಮಾಸದ ಪಟ್ಟಿಯಲ್ಲಿ ಮಾತ್ರ ಮಾರ್ಚ್ ತಿಂಗಳು ಇದರ ಪಾಲಿಗೆ ಬಂತು.

● ಒಂದೇ ಕಲ್ಲು ಹಗಲು ಹಸಿರು, ರಾತ್ರಿ ಕೆಂಪು ಆಗುವುದೂ ಉಂಟು. ಅದು ಅಲೆಕ್ಸಾಂಡ್ರೈಟ್. 1830ರ ದಶಕದಲ್ಲಿ ರಷ್ಯಾದ ಉರಲ್ ಪರ್ವತಗಳ ಪಚ್ಚೆ ಗಣಿಗಳಲ್ಲಿ ಸಿಕ್ಕಿತು. ಮುಂದೆ ಝಾರ್ ಆದ ಎರಡನೇ ಅಲೆಕ್ಸಾಂಡರನ ಹೆಸರು ಇಟ್ಟರು. ಅವನಿಗೆ ಹದಿನಾರು ತುಂಬಿದ ದಿನವೇ ಕಲ್ಲು ಸಿಕ್ಕಿತು ಎಂಬುದು ಜನ ಕಟ್ಟಿದ ಕಥೆ. 1881ರಲ್ಲಿ ಅವನು ಬಾಂಬಿಗೆ ಬಲಿಯಾದ. ಮೂರು ವರ್ಷದ ಬಳಿಕ ಲೇಖಕ ಲೆಸ್ಕೊವ್ ಈ ಕಲ್ಲನ್ನೇ ವಸ್ತುವಾಗಿಟ್ಟುಕೊಂಡು ಕಥೆ ಬರೆದ. ಇದರ ಬಣ್ಣದಾಟ ನೋಡಬೇಕೆಂದರೆ ಟ್ಯೂಬ್‌ಲೈಟ್ ಆರಿಸಿ ಮೇಣದಬತ್ತಿ ಹಚ್ಚಿ.

● ಇನ್ನು ನಮ್ಮದೇ ನೆಲದ ಹಸಿರು–ಕೆಂಪು. ಮೈಸೂರು ಸೀಮೆಯಲ್ಲಿ ಹಸಿರು ಕಾಗೆಬಂಗಾರದ ಒಡಲಲ್ಲಿ ಮಾಣಿಕ್ಯದ ಹರಳುಗಳು ಹುದುಗಿದ ಕಲ್ಲು ಸಿಗುತ್ತದೆ. ‘ರೂಬಿ ಇನ್ ಫುಕ್ಸೈಟ್’ ಎಂದು ಪರದೇಶಗಳಲ್ಲಿ ಮಾರುತ್ತಾರೆ. ಮಾಣಿಕ್ಯವನ್ನು ಕೆಂಪಾಗಿಸಿದ್ದೂ ಕಾಗೆಬಂಗಾರವನ್ನು ಹಸಿರಾಗಿಸಿದ್ದೂ ಒಂದೇ ಧಾತು, ಕ್ರೋಮಿಯಂ! ಎಷ್ಟೋ ತುಂಡುಗಳಲ್ಲಿ ಎರಡರ ನಡುವೆ ಕಯನೈಟ್ ಎಂಬ ಖನಿಜದ ನೀಲಿ ಅಂಚು ಕಾಣುತ್ತದೆ. ತಾಂಜಾನಿಯಾದ ಜೊಯ್ಸೈಟ್ ಎಂಬ ಹಸಿರು ಕಲ್ಲಿನಲ್ಲೂ ಮಾಣಿಕ್ಯ ಇರುವುದರಿಂದ ಮಾರುವವರು ಎರಡನ್ನೂ ಕಲಸುತ್ತಾರೆ. ಕಾಣದ ಮೂಲೆಯಲ್ಲಿ ಹಸಿರು ಭಾಗವನ್ನು ಚಾಕುವಿನ ತುದಿಯಿಂದ ಗೀರಿ ನೋಡಿ: ಸುಲಭವಾಗಿ ಗೀರು ಬಿದ್ದರೆ ಮೈಸೂರಿನ ಕಡೆಯದು ಇರಬಹುದು, ಬೀಳದಿದ್ದರೆ ಖಂಡಿತ ಅಲ್ಲ.

● ಬ್ಲಡ್‌ಸ್ಟೋನ್ ಉಂಗುರ ಇಷ್ಟವಾದರೆ ಧಾರಾಳವಾಗಿ ಹಾಕಿಕೊಳ್ಳಿ, ದುಬಾರಿ ಕಲ್ಲೇನಲ್ಲ. ಕೊಳೆಯಾದರೆ ಸೋಪಿನ ನೀರು ಸಾಕು. ಮಕ್ಕಳಿಗೆ ಮೂಗಿನಿಂದ ರಕ್ತ ಬಂದಾಗ ಮಾತ್ರ ಕಲ್ಲು ಹುಡುಕಬೇಡಿ, ಈರುಳ್ಳಿಯನ್ನೂ ಮೂಸಿಸಬೇಡಿ. ನೆಟ್ಟಗೆ ಕೂರಿಸಿ, ತಲೆ ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ಡಾಕ್ಟರ ಹತ್ತಿರ ಕರೆದೊಯ್ಯಿರಿ.