ಕಳ್ಳ ಪ್ರಯೋಗಶಾಲೆ: ನೆರವಿಗೆ ನುಗ್ಗುವ ಮುನ್ನ

ಬೆಂಕಿ ಬಿತ್ತು, ಯಾರೋ ಪ್ರಜ್ಞೆ ತಪ್ಪಿ ಬಿದ್ದಿದ್ದಾರೆ ಎಂಬ ಕೂಗು ಕೇಳಿದೊಡನೆ ಒಳಗೆ ನುಗ್ಗುವುದು ನಮ್ಮ ಜನರ ಸಹಜ ಗುಣ. ಆದರೆ ಒಳಗಿರುವುದು ಕದ್ದುಮುಚ್ಚಿ ನಡೆಸುವ ರಾಸಾಯನಿಕ ಘಟಕವಾಗಿದ್ದರೆ, ನೆರವಿಗೆ ಹೋದವರೂ ಅಲ್ಲಿಯೇ ಕುಸಿಯಬಹುದು.

ಇದು ದೂರದ ಮಾತಲ್ಲ. ಬೀದರ್‌ನಲ್ಲಿ ಅಲ್‌ಪ್ರಜೋಲಂ ತಯಾರಿಸುತ್ತಿದ್ದ ಇಂಥ ಗುಪ್ತ ಘಟಕವೊಂದನ್ನು 2021ರಲ್ಲಿ ಮಾದಕ ವಸ್ತು ನಿಯಂತ್ರಣ ಬ್ಯೂರೊ ಪತ್ತೆ ಹಚ್ಚಿತು. ಈ ನಿದ್ರಾಜನಕವನ್ನು ಸೇಂದಿಗೆ ಬೆರೆಸುವ ದಂಧೆ ನೆರೆಯ ತೆಲಂಗಾಣದಲ್ಲಿ ಹಲವು ಸಲ ಬಯಲಾಗಿದೆ. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಹುಮನಾಬಾದಿನಲ್ಲಿ ರಾಸಾಯನಿಕ ಕಾರ್ಖಾನೆಗಳಿವೆ. ಬಸವಕಲ್ಯಾಣವೂ ಆ ದಾರಿಗೆ ಹತ್ತಿರ. ಡ್ರಮ್ಮುಗಳ ಸಾಗಾಟ ಇಲ್ಲಿ ದಿನನಿತ್ಯದ ನೋಟವಾದ್ದರಿಂದ ಸಂಶಯ ಬರುವುದೇ ಕಡಿಮೆ.

ಗುರುತಿಸುವುದು ಹೇಗೆ?

ಹಗಲಲ್ಲೂ ಮುಚ್ಚಿದ ಕಿಟಕಿ, ರಾತ್ರಿಯಿಡೀ ತಿರುಗುವ ಫ್ಯಾನು, ಸ್ಪಿರಿಟ್ ಅಥವಾ ಬಣ್ಣದಂಥ ಘಾಟು ವಾಸನೆ, ಚೀಟಿ ಕಿತ್ತ ಡ್ರಮ್ಮುಗಳು, ಗಾಜಿನ ಬುರುಡೆ, ರಬ್ಬರ್ ಕೊಳವೆ, ಹಿತ್ತಿಲಲ್ಲಿ ಸುಟ್ಟಂತೆ ಒಣಗಿದ ಹುಲ್ಲು. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಎಚ್ಚರ ವಹಿಸಬೇಕು.

ಏನು ಮಾಡಬೇಕು?

ಗಾಳಿ ಬೀಸುವ ಕಡೆಯಿಂದ ಬಂದು, ಎತ್ತರದ ಜಾಗದಲ್ಲಿ, ದೂರ ನಿಲ್ಲಿ. ಅಸಿಟೋನ್, ಈಥರ್‌ಗಳ ಆವಿ ಗಾಳಿಗಿಂತ ಭಾರ. ನೆಲಕ್ಕೆ ಹರಡಿ ದೂರದ ಕಿಡಿಯಿಂದಲೂ ಹೊತ್ತಿಕೊಳ್ಳುತ್ತದೆ. ಬೀಡಿ ಹಚ್ಚಬೇಡಿ, ಮೊಬೈಲ್ ಬಳಸಬೇಡಿ, ವಿದ್ಯುತ್ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಕುದಿಯುತ್ತಿರುವ ಪಾತ್ರೆಗೆ ಹರಿಯುವ ತಣ್ಣೀರನ್ನು ನಿಲ್ಲಿಸಿದರೆ ಸ್ಫೋಟವಾಗಬಹುದು. ಬಾಟಲಿ ತೆರೆದು ಮೂಸುವುದು ಅತ್ಯಂತ ಅಪಾಯಕರ. ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿಕೊಂಡರೆ ಸಾಕೆಂಬುದು ತಪ್ಪು ನಂಬಿಕೆ. ಅದು ವಿಷದ ಆವಿಯನ್ನು ತಡೆಯುವುದಿಲ್ಲ. ಉಸಿರಾಟದ ಸಲಕರಣೆ ತೊಟ್ಟ ಅಗ್ನಿಶಾಮಕ ಸಿಬ್ಬಂದಿ ಮಾತ್ರ ಒಳಗೆ ಹೋಗಬೇಕು. ಕೆಲವು ರಾಸಾಯನಿಕಗಳ ಮೇಲೆ ನೀರು ಬಿದ್ದರೆ ಬೆಂಕಿ ಹೆಚ್ಚುವುದರಿಂದ ಯಾರೂ ಕೊಡ ಹಿಡಿದು ಓಡಬಾರದು.

ಹೊರತಂದವರಿಗೆ ಚಿಕಿತ್ಸೆ

ಕೈಗವಸು ಧರಿಸಿ ಅವರ ಬಟ್ಟೆ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಮೈಮೇಲೆ ಪುಡಿಯಿದ್ದರೆ ಮೊದಲು ಒದರಿ, ಅನಂತರ ಚರ್ಮವನ್ನೂ ಕಣ್ಣನ್ನೂ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ವಾಂತಿ ಮಾಡಿಸಬೇಡಿ. ಮಂಪರಿನಲ್ಲಿದ್ದವರನ್ನು ಮಗ್ಗುಲಾಗಿ ಮಲಗಿಸಿ, ಉಸಿರಾಟ ಗಮನಿಸುತ್ತಿರಿ. ತೊಳೆಯದೆ ಆಂಬುಲೆನ್ಸ್ ಹತ್ತಿಸಿದರೆ ಸಿಬ್ಬಂದಿಗೂ ಆಸ್ಪತ್ರೆಗೂ ವಿಷ ತಗಲುತ್ತದೆ. ರಾಸಾಯನಿಕದ ಸಂಶಯವಿದೆಯೆಂದು ವೈದ್ಯರಿಗೆ ಮುಂಚಿತವಾಗಿ ತಿಳಿಸುವುದೂ ಅಗತ್ಯ.

ಸಂಶಯ ಬಂದ ಕೂಡಲೇ ಮಕ್ಕಳನ್ನೂ ನೆರೆಯವರನ್ನೂ ದೂರ ಕಳುಹಿಸಿ, ಸುರಕ್ಷಿತ ಜಾಗದಿಂದ 112ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬೇಕಿದ್ದರೆ 108. ಕಂಡದ್ದನ್ನು, ಮೂಗಿಗೆ ಬಡಿದ ವಾಸನೆಯನ್ನು ಸ್ಪಷ್ಟವಾಗಿ ಹೇಳಿ. ಬರುವವರ ಜೀವವೂ ಆ ಮಾಹಿತಿಯನ್ನೇ ಅವಲಂಬಿಸಿರುತ್ತದೆ.