ಕೃತಕ ಕಾಲಿನ ಯೋಧರೂ ವಿಮಾನ ನಿಲ್ದಾಣದ ತಪಾಸಣೆಯೂ

ವಿಮಾನ ನಿಲ್ದಾಣದ ಭದ್ರತಾ ತಪಾಸಣೆ ನಮ್ಮಲ್ಲಿ ಹೆಚ್ಚಿನವರಿಗೆ ಐದು ನಿಮಿಷದ ಕೆಲಸ. ಜೇಬಿನ ಚಿಲ್ಲರೆ, ಬೆಲ್ಟು, ಮೊಬೈಲುಗಳನ್ನು ತಟ್ಟೆಗೆ ಹಾಕಿ ಚೌಕಟ್ಟು ದಾಟಿದರೆ ಮುಗಿಯಿತು. ಆದರೆ ಗಡಿಯಲ್ಲಿ ನೆಲಬಾಂಬು ಸಿಡಿದು ಕಾಲು ಕಳೆದುಕೊಂಡ ಯೋಧನಿಗೆ, ಬೆನ್ನುಹುರಿಗೆ ಗುಂಡು ತಗುಲಿ ಗಾಲಿಕುರ್ಚಿ ಹಿಡಿದವನಿಗೆ ಅದೇ ಐದು ನಿಮಿಷ ಅರ್ಧ ಗಂಟೆಯಾಗಬಹುದು. ಎಚ್ಚರ ತಪ್ಪಿದರೆ ವಾರಗಟ್ಟಲೆ ಮಾಯದ ಹುಣ್ಣನ್ನೂ ಉಳಿಸಬಹುದು. ಕೊಡಗಿನಿಂದ ಬೆಳಗಾವಿಯವರೆಗೆ ಸೈನಿಕರ ಕುಟುಂಬಗಳು ನಮ್ಮ ರಾಜ್ಯದಲ್ಲಿ ಸಾಕಷ್ಟಿವೆ. ಈ ವಿಷಯ ಅಂಥ ಮನೆಗಳವರಿಗೆ ಮಾತ್ರವಲ್ಲ, ಸಾಲಿನಲ್ಲಿ ಅವರ ಹಿಂದೆ ನಿಲ್ಲುವ ನಮಗೂ ತಿಳಿದಿರಬೇಕು.

ಯಂತ್ರ ಏಕೆ ಸದ್ದು ಮಾಡುತ್ತದೆ?

ನಾವು ದಾಟುವ ಚೌಕಟ್ಟು ಲೋಹಶೋಧಕ. ಅದರೊಳಗೆ ದುರ್ಬಲವಾದ ಕಾಂತಕ್ಷೇತ್ರವಿರುತ್ತದೆ. ಲೋಹ ಹತ್ತಿರ ಬಂದರೆ ಅದರಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿ ಯಂತ್ರ ಕೂಗಿಕೊಳ್ಳುತ್ತದೆ. ಕೃತಕ ಕಾಲಿನೊಳಗಿನ ಕೊಳವೆ ಮತ್ತು ಕೀಲುಗಳು, ಮುರಿದ ಮೂಳೆಗೆ ಹಾಕಿದ ಸರಳು, ಬದಲಿಸಿದ ಮಂಡಿ ಇವೆಲ್ಲ ಸದ್ದು ಮಾಡಿಸಬಹುದು. ಬಾಂಬಿನ ಚೂರುಗಳು ಮೈಯಲ್ಲೇ ಉಳಿದವರೂ ಇದ್ದಾರೆ. ತೆಗೆಯಹೋದರೆ ನರಕ್ಕೋ ರಕ್ತನಾಳಕ್ಕೋ ಅಪಾಯವೆನಿಸಿದಾಗ ಶಸ್ತ್ರವೈದ್ಯರು ಅವನ್ನು ಹಾಗೆಯೇ ಬಿಡುತ್ತಾರೆ. ಯಂತ್ರಕ್ಕೆ ಗೊತ್ತಾಗುವುದು ಲೋಹವಿದೆ ಎಂಬುದಷ್ಟೇ. ಅದು ಪಿಸ್ತೂಲೋ ಕೃತಕ ಕಾಲೋ ಎಂಬುದನ್ನು ಮನುಷ್ಯರೇ ನೋಡಿ ತಿಳಿಯಬೇಕು. ಆದ್ದರಿಂದ ತಪಾಸಣೆ ತಪ್ಪುವುದಿಲ್ಲ, ತಪ್ಪಲೂಬಾರದು. ಅದನ್ನು ಹೇಗೆ ಮಾಡಬೇಕು ಎಂಬುದು ಮಾತ್ರ ಪ್ರಶ್ನೆ.

ಕಾಲು ಬಿಚ್ಚುವುದೆಂದರೆ

‘ಶೂ ಬಿಚ್ಚಿದ ಹಾಗೆ ಅದನ್ನೂ ಬಿಚ್ಚಿ ತಟ್ಟೆಗೆ ಹಾಕಿದರಾಯಿತು’ ಎಂದು ಅನೇಕರು ತಿಳಿದಿದ್ದಾರೆ. ಇದು ಸರಿಯಲ್ಲ. ಕತ್ತರಿಸಿ ಉಳಿದ ಕಾಲಿನ ಮೋಟು ಭಾಗ ಬಟ್ಟಲಿನಂಥ ಒಂದು ಸಾಕೆಟ್ಟಿನೊಳಗೆ ಬಿಗಿಯಾಗಿ ಕುಳಿತಿರುತ್ತದೆ. ಮಧ್ಯೆ ಮೆತ್ತನೆಯ ಹೊದಿಕೆ ಮತ್ತು ಕಾಲುಚೀಲ ಇರುತ್ತವೆ. ಸಾಕೆಟ್ ತೆಗೆದರೆ ಅದುವರೆಗೆ ಇದ್ದ ಒತ್ತಡ ಹೋಗಿ ಮೋಟು ಭಾಗ ಕೆಲವೇ ನಿಮಿಷಗಳಲ್ಲಿ ಊದಿಕೊಳ್ಳಲು ತೊಡಗುತ್ತದೆ. ಮತ್ತೆ ತೊಡಿಸುವಾಗ ಅದು ಮೊದಲಿನಂತೆ ಕೂರುವುದಿಲ್ಲ. ಹೊದಿಕೆಯಲ್ಲಿ ಒಂದು ಮಡಿಕೆ ಉಳಿದರೂ ಸಾಕು, ನಡೆಯುವಾಗ ಚರ್ಮ ಉಜ್ಜಿ ಬೊಬ್ಬೆಯೇಳುತ್ತದೆ. ಸಕ್ಕರೆ ಕಾಯಿಲೆಯೂ ಇದ್ದರೆ ಆ ಬೊಬ್ಬೆ ಹುಣ್ಣಾಗಿ, ಹುಣ್ಣು ಕೀವಾಗಿ, ವಾರಗಟ್ಟಲೆ ಕೃತಕ ಕಾಲನ್ನೇ ತೊಡದಂತಾಗಬಹುದು. ಹಿಡಿದುಕೊಳ್ಳಲು ಏನೂ ಇಲ್ಲದ ಕಡೆ ಒಂಟಿಕಾಲಿನಲ್ಲಿ ನಿಂತರೆ ಬೀಳುವ ಭಯ ಬೇರೆ. ಇನ್ನು ನಾಲ್ಕು ಜನರೆದುರು ಕಾಲು ಬಿಚ್ಚಬೇಕಾದ ಸಂಕೋಚಕ್ಕೆ ಯಾವ ಮುಲಾಮೂ ಇಲ್ಲ.

ಬಿಚ್ಚಿಸದೆಯೂ ಪರೀಕ್ಷಿಸುವ ದಾರಿಗಳಿವೆ. ಕೈಯಲ್ಲಿ ಹಿಡಿಯುವ ಲೋಹಶೋಧಕದಿಂದ ನೋಡಬಹುದು, ಕೈಯಿಂದ ತಡವಿ ನೋಡಬಹುದು. ಸಣ್ಣ ಬಟ್ಟೆಯ ತುಂಡಿನಿಂದ ಕೃತಕ ಕಾಲನ್ನು ಒರೆಸಿ ಯಂತ್ರಕ್ಕಿಟ್ಟರೆ, ಸ್ಫೋಟಕದ ಕಣಗಳಿದ್ದರೆ ಕೆಲವೇ ಸೆಕೆಂಡುಗಳಲ್ಲಿ ತಿಳಿಯುತ್ತದೆ. 2021ರ ಅಕ್ಟೋಬರಿನಲ್ಲಿ ನೃತ್ಯಗಾರ್ತಿ, ನಟಿ ಸುಧಾ ಚಂದ್ರನ್ ಅವರು ಪ್ರತಿ ಪ್ರಯಾಣದಲ್ಲೂ ಕೃತಕ ಕಾಲು ತೆಗೆಸುತ್ತಾರೆಂದು ನೊಂದು ಪ್ರಧಾನಿಯವರಿಗೆ ಬಹಿರಂಗವಾಗಿ ಮನವಿ ಮಾಡಿದ್ದು ಓದುಗರಿಗೆ ನೆನಪಿರಬಹುದು. ಆಗ ನಿಲ್ದಾಣಗಳ ಕಾವಲು ನೋಡಿಕೊಳ್ಳುವ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ ಕ್ಷಮೆ ಕೇಳಿತು. ವಿಶೇಷ ಸಂದರ್ಭಗಳಲ್ಲಿ ಮಾತ್ರ ಕೃತಕ ಅಂಗ ತೆಗೆಸಬೇಕೆಂಬುದೇ ನಿಯಮ ಎಂದೂ ಹೇಳಿತು. ಈ ಮಾತು ಯೋಧರಿಗೂ ಅನ್ವಯಿಸುತ್ತದೆ. ತೆಗೆಯಲೇಬೇಕಾದ ಪ್ರಸಂಗ ಬಂದರೆ ಮರೆಯಾದ ಕೋಣೆಯನ್ನೂ, ಕೂರಲು ಕುರ್ಚಿಯನ್ನೂ ಕೇಳಿ. ಕೇಳಲು ನಾಚಬೇಡಿ.

ಗಾಲಿಕುರ್ಚಿಯಲ್ಲಿರುವವರು

1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ ಮುರಳಿಕಾಂತ್ ಪೇಟ್ಕರ್ 1972ರಲ್ಲಿ ಜರ್ಮನಿಗೆ ಹೋಗಿ ಪ್ಯಾರಾಲಿಂಪಿಕ್ಸ್ ಈಜಿನಲ್ಲಿ ಚಿನ್ನ ಗೆದ್ದು ಬಂದರು. ಗಾಯಗೊಂಡ ಯೋಧರು ಪ್ರಯಾಣಕ್ಕೆ ಹೆದರಬೇಕಿಲ್ಲ. ಕೆಲವು ಎಚ್ಚರಿಕೆಗಳು ಸಾಕು. ಬೆನ್ನುಹುರಿಗೆ ಪೆಟ್ಟಾದವರಿಗೆ ಪೆಟ್ಟಿನ ಮಟ್ಟದಿಂದ ಕೆಳಗೆ ನೋವು ತಿಳಿಯದು. ತಪಾಸಣೆಗೆಂದು ಎತ್ತಿ ಗಟ್ಟಿ ಕುರ್ಚಿಯಲ್ಲಿ ಕೂರಿಸಿ ಮರೆತರೆ ಒತ್ತುಹುಣ್ಣು ಶುರುವಾಗಬಹುದು. ಆದ್ದರಿಂದ ಅವರ ಮೆತ್ತೆ ಅವರ ಜೊತೆಯಲ್ಲೇ ಇರಲಿ. ಮೂತ್ರದ ಚೀಲವಿದ್ದರೆ ಮೊದಲೇ ತಿಳಿಸಿ, ಕೊಳವೆ ಎಳೆದಾಡದಂತೆ ನೋಡಿಕೊಳ್ಳಿ. ಎದೆಯ ನಡುಭಾಗಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಕೊಳವೆ ಮಡಿಚಿ ಮೂತ್ರ ಕಟ್ಟಿದರೂ ರಕ್ತದೊತ್ತಡ ಒಮ್ಮೆಲೇ ಏರಬಹುದು. ತೀವ್ರ ತಲೆನೋವು, ಮುಖ ಕೆಂಪಾಗುವುದು, ಬೆವರುವುದು ಇದರ ಲಕ್ಷಣಗಳು. ಆಗ ಮಲಗಿಸಬಾರದು. ನೆಟ್ಟಗೆ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಕೊಳವೆ ಸರಿಮಾಡಿ, ಕೂಡಲೇ ವೈದ್ಯರನ್ನು ಕರೆಯಬೇಕು.

ಕಣ್ಣಿಗೆ ಕಾಣದ ಗಾಯ

ಸ್ಫೋಟದ ಸದ್ದಿಗೆ ಕಿವಿ ಮಂದವಾದವರು ಸಿಬ್ಬಂದಿಯ ಮಾತು ಕೇಳದೆ ಮುಂದೆ ನಡೆದುಬಿಡಬಹುದು, ಅದು ಉದ್ಧಟತನವಲ್ಲ. ಯುದ್ಧದ ಭೀಕರ ನೆನಪು ಇನ್ನೂ ಕಾಡುವವರು ಹಿಂದಿನಿಂದ ಯಾರಾದರೂ ಮುಟ್ಟಿದರೆ ಬೆಚ್ಚಿಬೀಳುತ್ತಾರೆ, ಬೆವರುತ್ತಾರೆ, ಸಿಟ್ಟಾಗುತ್ತಾರೆ. ಇದಕ್ಕೆ ಮದ್ದು ಸರಳ: ಎದುರಿಗೆ ನಿಂತು, ಏನು ಮಾಡುತ್ತೇನೆಂದು ಹೇಳಿ, ಆಮೇಲೆ ಮುಟ್ಟುವುದು.

ಹೊರಡುವ ಮುನ್ನ

1. ನೆರವು ಬೇಕೆಂದು ಟಿಕೆಟ್ ಕಾಯ್ದಿರಿಸುವಾಗಲೇ, ತಡವೆಂದರೆ 48 ಗಂಟೆ ಮುಂಚೆ ವಿಮಾನ ಸಂಸ್ಥೆಗೆ ತಿಳಿಸಿ.

2. ಮಾಜಿ ಸೈನಿಕರ ಗುರುತಿನ ಚೀಟಿ, ಅಂಗವಿಕಲರ ಗುರುತಿನ ಚೀಟಿ, ದೇಹದಲ್ಲಿ ಯಾವ ಲೋಹ ಎಲ್ಲಿದೆ ಎಂಬ ವೈದ್ಯರ ಪತ್ರ ಕೈಗೆಟಕುವಂತಿರಲಿ. ಇವು ತಪಾಸಣೆಯಿಂದ ವಿನಾಯಿತಿ ಕೊಡುವುದಿಲ್ಲ. ಮಾತು ಸುಲಭ ಮಾಡುತ್ತವೆ.

3. ಯಂತ್ರ ಕೂಗುವವರೆಗೆ ಕಾಯದೆ ‘ನನಗೆ ಕೃತಕ ಕಾಲಿದೆ’ ಎಂದು ಮೊದಲೇ ಹೇಳಿ. ಸುಲಭವಾಗಿ ಮೇಲೆತ್ತಬಹುದಾದ ಸಡಿಲ ಪ್ಯಾಂಟು ಅಥವಾ ಪಂಚೆ ಅನುಕೂಲ.

4. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಚೌಕಟ್ಟಿನಲ್ಲಿ ನಿಲ್ಲದೆ ಮಾಮೂಲಿ ನಡಿಗೆಯಲ್ಲಿ ದಾಟಲಿ. ಕೈಯ ಲೋಹಶೋಧಕವನ್ನು ಅದರ ಮೇಲೆ ಹಿಡಿಯಬೇಡಿ ಎಂದು ಹೇಳಲಿ.

5. ಒಂದು ಜೊತೆ ಹೆಚ್ಚುವರಿ ಕಾಲುಚೀಲ, ನೋವಿನ ಮಾತ್ರೆ ಕೈಚೀಲದಲ್ಲಿರಲಿ. ಮಾಮೂಲಿಗಿಂತ ಒಂದು ಗಂಟೆ ಮೊದಲೇ ಹೊರಡಿ.

ಅಮೆರಿಕದಲ್ಲಿ ತೀವ್ರವಾಗಿ ಗಾಯಗೊಂಡ ಯೋಧರ ಹಾಗೂ ಮಾಜಿ ಯೋಧರ ತಪಾಸಣೆಯನ್ನು ಸುಲಭ ಮಾಡಲೆಂದೇ 2013ರಲ್ಲಿ ಕಾನೂನು ಬಂತು. ಅಲ್ಲಿ 72 ಗಂಟೆ ಮುಂಚೆ ತಿಳಿಸಿದರೆ ನೆರವಿಗೆ ಸಿಬ್ಬಂದಿಯನ್ನು ಗೊತ್ತುಮಾಡುವ ಏರ್ಪಾಟಿದೆ. ಅದು ಅಂಗವಿಕಲ ಪ್ರಯಾಣಿಕರೆಲ್ಲರಿಗೂ ಉಂಟು. ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ನಮ್ಮ ಹಿರಿಯರೂ ಬಳಸಿಕೊಳ್ಳಬಹುದು.

ಮುಂದಿನ ಬಾರಿ ಸಾಲಿನಲ್ಲಿ ನಿಮ್ಮ ಮುಂದಿರುವವರು ಕೃತಕ ಕಾಲಿನವರಾದರೆ ಗಡಿಯಾರ ನೋಡಿ ಗೊಣಗಬೇಡಿ. ಅವರ ಚೀಲವನ್ನೋ ಊರುಗೋಲನ್ನೋ ಹಿಡಿದುಕೊಳ್ಳಬಹುದೇ ಎಂದು ಕೇಳಿ. ಅವರು ಬೇಡವೆಂದರೆ ಸುಮ್ಮನಿರಿ. ನಿಮ್ಮ ಸಮಯ ಹೋಗುವುದು ಹತ್ತು ನಿಮಿಷ ಮಾತ್ರ.